ಚಿನ್ನದ ಪಟ್ಟಿಯ ಲೈಸೆನ್ಸು

ಕಾರು ಪೂರ್ತಿ ನಿಲ್ಲುವ ಮೊದಲೇ ಪೆರ್ಲಿತಾ ಅಕ್ಕ ಬಾಗಿಲು ತೆಗೆದು ಇಳಿದುಬಿಟ್ಟಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಸೀಟಿನ ಕೆಳಗೆ ಉಳಿದಿತ್ತು. ಹಾಗೇ ಗದ್ದೆಯ ಬದುವಿನ ಮೇಲೆ ನಡೆಯತೊಡಗಿದಳು, ಹಿಂದೆ ತಿರುಗಿ ನೋಡದೆ, ಅರ್ಧ ತಿಂದ ಕೇಕಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು.

"ಅಕ್ಕಾ!" ಕ್ವಾಬೆನಾ ಹಿಂದಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕೇಕು ಬಿಟ್ಟು ಹೋಗು, ಚಪ್ಪಲಿ ತಗೊಂಡು ಹೋಗು!"

ನಾನು ಎಂಜಿನ್ ಆರಿಸಿದೆ. ಆರಿಸಿದ ಕೂಡಲೇ ಕಪ್ಪೆಗಳ ಸದ್ದು ಕಾರಿನೊಳಗೆ ತುಂಬಿಕೊಂಡಿತು. ರಸ್ತೆಯ ಎರಡೂ ಕಡೆ ನಾಟಿ ಮುಗಿದ ಗದ್ದೆಗಳು, ಬೆರಳುದ್ದದ ಪೈರು, ಅದರ ಸಂದಿನಲ್ಲೆಲ್ಲ ನೀರು, ನೀರಿನಲ್ಲೆಲ್ಲ ಆಕಾಶ. ಅಕ್ಕ ಬದುವಿನ ಮೇಲೆ ನೆಟ್ಟಗೂ ಅದರ ಕೆಳಗೆ ತಲೆಕೆಳಗಾಗಿಯೂ ನಡೆಯುತ್ತಿದ್ದಳು. ಇಬ್ಬರು ಅಕ್ಕಂದಿರ ಕೈಯಲ್ಲೂ ಕೇಕಿತ್ತು.

"ನಾನೇನಂದೆ ಈಗ?" ಎಂದೆ.

"ಮೊನ್ನೆ ಶುಕ್ರವಾರಕ್ಕೆ ಜಪಾನಿಗೆ ಬಂದು ಒಂದು ವರ್ಷ ಆಯ್ತು, ಬಾಯಿ ಸಿಹಿ ಮಾಡ್ಕೊಳ್ಳಿ ಅಂತ ನೀನಂದೆ," ಎಂದ ಕ್ವಾಬೆನಾ. "ಹಾಗಾದ್ರೆ ನಿನ್ ಲೈಸೆನ್ಸು ಏನಾಯ್ತು ಅಂತ ಅವಳು ಕೇಳಿದ್ಲು. ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗ ಪೋಸ್ಟಾಫೀಸಲ್ಲಿ ಹೊಸಾದು ಮಾಡಿಸ್ಕೊಂಡು ಬಂದಿದೀನಿ ಅಂದೆ. ಎಷ್ಟು ದಿನ ಇದ್ದೆ ಊರಲ್ಲಿ ಅಂದ್ಲು. ಹದಿನೈದು ದಿನ ಅಂದೆ. ನಿಲ್ಸು ಅಂದ್ಲು. ನಿಲ್ಸೋಕೆ ಮುಂಚೆ ಇಳಿದ್ಲು. ಅಷ್ಟೇ ಮಹರಾಯ. ಕೋರ್ಟಲ್ಲಿ ಸಾಕ್ಷಿ ಕರೆದ್ರೂ ಇಷ್ಟೇ ಹೇಳ್ತೀನಿ."

ಮಿನೊಹಾರ ಎಂಬ ಬೆಟ್ಟದೂರಿನ ಶಾಲೆಗಳಲ್ಲಿ ನಾವಿಬ್ಬರೂ ಇಂಗ್ಲಿಷ್ ಮೇಷ್ಟ್ರುಗಳು. ಅವನು ಘಾನಾದ ಕುಮಾಸಿಯವನು, ನಾನು ವೇಲ್ಸ್‌ನ ಕುರಿಗಳ ಸೀಮೆಯವನು, ಹೆಸರು ಗೆತಿನ್. ಅಕ್ಕ ಫಿಲಿಪೀನ್ಸಿನ ಇಲೋಇಲೋದವಳು, ಅದೇ ಊರಿನ ವೃದ್ಧರ ಮನೆಯಲ್ಲಿ ಹತ್ತು ವರ್ಷದಿಂದ ಕೆಲಸಕ್ಕಿದ್ದಾಳೆ. ಮಿನೊಹಾರದಲ್ಲಿ ಹೊರದೇಶದವರು ಒಂಬತ್ತು ಜನ. ಐವತ್ತೈದು ದಾಟಿದ ಕೆನಡಾದ ಮುದುಕನೂ ಸೇರಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತೇವೆ. ಶನಿವಾರ ಬಂದರೆ ಕಾರಿದ್ದವರು ಕಾರಿಲ್ಲದವರನ್ನು ಹತ್ತಿಸಿಕೊಂಡು ಎಲ್ಲಿಗಾದರೂ ಹೊರಡಬೇಕು, ಇದು ನಮ್ಮೊಳಗಿನ ನೇಮ. ಹಾಗೆ ನಿನ್ನೆ ಸಮುದ್ರಕ್ಕೆ ಹೋಗಿದ್ದೆವು. ಒಣಗಲು ಹಗ್ಗಕ್ಕೆ ಹಾಕಿದ ಸ್ಕ್ವಿಡ್ ಮೀನುಗಳ ಕೆಳಗೆ ಮಲಗಿ, ಅವುಗಳ ಮೂಲಕ ಬೆಳಕು ಬರುವುದನ್ನು ನೋಡುತ್ತ ಮಧ್ಯಾಹ್ನವೆಲ್ಲ ಕಳೆದಿದ್ದೆವು. ಅಕ್ಕ ನಿದ್ದೆಗಣ್ಣಿನಲ್ಲಿ, "ಒಂದಿನ ಬೆಳಿಗ್ಗೆ ಒಂಬತ್ತು ಗಂಟೆ ತನಕ ಮಲಗ್ಬೇಕು, ಅದಕ್ಕೆ ಯಾರದೂ ಅಪ್ಪಣೆ ಬೇಡ," ಎಂದಿದ್ದಳು. ಈಗ ಭಾನುವಾರ ಮಧ್ಯಾಹ್ನ, ವಾಪಸು ದಾರಿ. ಡಿಕ್ಕಿಯಲ್ಲಿ ಸೋಮವಾರ ಕಚೇರಿಯವರಿಗೆಲ್ಲ ಹಂಚಬೇಕಾದ ಮಿಠಾಯಿಯ ಪೆಟ್ಟಿಗೆಗಳು.

ಚಪ್ಪಲಿ ಹಿಡಿದು ಅವಳ ಹಿಂದೆ ಓಡಿದೆ. ಒಂದು ಬಸ್ ನಿಲ್ದಾಣದ ತಗಡಿನ ಗೂಡಿನ ಮುಂದೆ ನಿಂತು ಅವಳು ವೇಳಾಪಟ್ಟಿ ಓದುತ್ತಿದ್ದಳು. ಸೋಮವಾರದಿಂದ ಶನಿವಾರದವರೆಗಿನ ಸಾಲಿನಲ್ಲಿ ಮೂರು ಅಂಕಿಗಳಿದ್ದವು. ಭಾನುವಾರದ ಸಾಲಿನಲ್ಲಿ ಜೇಡ ಗೂಡು ಕಟ್ಟಿತ್ತು.

"ಮೂರು ತಿಂಗಳು," ಎಂದಳು ಪಟ್ಟಿಯಿಂದ ಕಣ್ಣು ತೆಗೆಯದೆ. "ಹೊರಗಿನ ಲೈಸೆನ್ಸಲ್ಲಿ ಇಲ್ಲಿ ಬಂದ ದಿನದಿಂದ ಒಂದೇ ವರ್ಷ ಓಡಿಸ್ಬಹುದು. ಮೂರು ತಿಂಗಳು ಹೊರಗಿದ್ದು ಬಂದ್ರೆ ಮಾತ್ರ ನಿನ್ ವರ್ಷ ಹೊಸದಾಗಿ ಶುರುವಾಗತ್ತೆ. ಹದಿನೈದು ದಿನಕ್ಕೆ ಹೋಗಿ ಬಂದ್ರೆ ನೀನು ಹೋಗೇ ಇಲ್ಲ ಅಂತ ಲೆಕ್ಕ. ನಿಂದು ಶುಕ್ರವಾರಕ್ಕೇ ಮುಗೀತು ಗೆತಿನ್."

"ಆದ್ರೆ ಕಾಗದದಲ್ಲಿ ಡಿಸೆಂಬರ್ ತನಕ ಅಂತಿದೆ."

"ಕಾಗದ ನಿಮ್ಮೂರಿಂದು. ದಿನ ಇವರದು."

ನಂಬಬೇಕಾಯಿತು. ಈ ಕಾರು ನನ್ನ ಕೈಗೆ ಬರುವ ಮುಂಚೆ ಐದು ಜನ ಹೊರದೇಶದವರ ಕೈದಾಟಿತ್ತು. ಒಬ್ಬ ಊರು ಬಿಡುವಾಗ ಮುಂದೆ ಬರುವವನಿಗೆ ಕೊಟ್ಟು ಹೋಗುವ ಕಾರು ಇದು. ಜೊತೆಗೆ ಬುದ್ಧಿಮಾತನ್ನೂ ಕೊಟ್ಟು ಹೋಗುತ್ತಾರೆ: ಹೀಟರ್ ಹತ್ತದಿದ್ದರೆ ಮುಷ್ಟಿಯಿಂದ ಎರಡು ಗುದ್ದು, ಹಿಮ ಬಿದ್ದಾಗ ವೈಪರ್ ಎತ್ತಿ ನಿಲ್ಲಿಸು, ವರ್ಷಕ್ಕೊಮ್ಮೆ ಊರಿಗೆ ಹೋಗಿ ಹೊಸ ಕಾಗದ ತಂದುಬಿಡು. ಮೊದಲೆರಡು ನಿಜವಾಗಿದ್ದರಿಂದ ಮೂರನೆಯದನ್ನೂ ನಂಬಿದ್ದೆ. ಇಲ್ಲಿನ ಲೈಸೆನ್ಸು ಮಾಡಿಸಿಕೊಳ್ಳುವುದು ನನ್ನ ದೇಶದವರಿಗೆ ಒಂದು ಬೆಳಗಿನ ಕೆಲಸ. ಆ ಬೆಳಗು ವರ್ಷವಿಡೀ ನನಗೆ ಸಿಕ್ಕಿರಲಿಲ್ಲ.

ಕ್ವಾಬೆನಾ ಬಂದು ಸೇರಿಕೊಂಡ. "ಯಾರು ನೋಡ್ತಾರೆ ಅಕ್ಕ? ಬೆಳಿಗ್ಗೆಯಿಂದ ಈ ರಸ್ತೇಲಿ ಪೊಲೀಸ್ ಇರ್ಲಿ, ಒಂದು ನಾಯೀನೂ ಕಂಡಿಲ್ಲ. ಒಂದು ಬೆಳ್ಳಕ್ಕಿ ಇದೆ. ಅದು ಬಾಯಿ ಬಿಡಲ್ಲ."

"ಲೈಸೆನ್ಸ್ ಇಲ್ದೋನು ಓಡಿಸ್ತಿದಾನೆ ಅಂತ ಗೊತ್ತಿದ್ದೂ ಪಕ್ಕದಲ್ಲಿ ಕೂತ್ರೆ ಕೂತೋರದೂ ತಪ್ಪು. ನನ್ ಹೆಸರೂ ಬರೀತಾರೆ."

"ಐದು ನಿಮಿಷದ ಹಿಂದೆ ಗೊತ್ತಿರ್ಲಿಲ್ಲವಲ್ಲ?"

"ಈಗ ಗೊತ್ತಾಯ್ತಲ್ಲ."

"ಹಾಗಾದ್ರೆ ಕೇಳ್ಲೇಬಾರ್ದಿತ್ತು ನೀನು."

"ನಿಮ್ಮಂಥೋರ ಜೊತೆ ಬರ್ಲೇಬಾರ್ದಿತ್ತು," ಎಂದು ಅಕ್ಕ ಕೊನೆಗೂ ಕೇಕನ್ನು ಬಾಯಿಗೆ ಹಾಕಿಕೊಂಡಳು.

ಅವಳ ಭಯ ನಮಗಿಬ್ಬರಿಗೂ ತಿಳಿದದ್ದೇ. ಜನವರಿಯಲ್ಲಿ ಅವಳು ಕಾಯಂ ವಾಸದ ಅರ್ಜಿ ಹಾಕಿದ್ದಳು. ಹತ್ತು ವರ್ಷದ ತೆರಿಗೆ, ಹತ್ತು ವರ್ಷದ ಪಿಂಚಣಿ ಕಂತು, ಒಂದೇ ಒಂದು ದಂಡದ ಚೀಟಿಯೂ ಇಲ್ಲದ ಹತ್ತು ವರ್ಷ. ಅದು ಸಿಕ್ಕಿದರೆ ಕೆಲಸ ಬಿಟ್ಟರೂ ದೇಶ ಬಿಡಬೇಕಾಗಿಲ್ಲ. ಸಿಗದಿದ್ದರೆ ಅದೇ ವೃದ್ಧರ ಮನೆ, ಮೇಲಿನವರು ಹೇಳಿದ ಪಾಳಿ, ಅವರು ಬೇಡವೆಂದ ದಿನ ಗಂಟುಮೂಟೆ. ಉತ್ತರ ಒಂದು ಅಂಚೆಕಾರ್ಡಿನಲ್ಲಿ ಬರುತ್ತದಂತೆ. ಐದು ತಿಂಗಳಿಂದ ಅವಳು ಕೆಂಪು ದೀಪವಿದ್ದಾಗ ಖಾಲಿ ರಸ್ತೆಯನ್ನೂ ದಾಟಿರಲಿಲ್ಲ. ಈಗ ನನ್ನ ದೆಸೆಯಿಂದ, ಮನೆಯಿಂದ ಐವತ್ತೆಂಟು ಕಿಲೋಮೀಟರ್ ದೂರದಲ್ಲಿ, ನಾನು ತಂದ ಚಪ್ಪಲಿಯನ್ನೂ ಮುಟ್ಟದೆ, ಒಂದು ಚಪ್ಪಲಿಯಲ್ಲಿ ನಿಂತಿದ್ದಳು. ನಾಳೆ ಬೆಳಿಗ್ಗೆ ಏಳಕ್ಕೆ ಅವಳ ಪಾಳಿ.

ಮುಂದಿನ ಊರಿನ ಟ್ಯಾಕ್ಸಿಗೆ ಫೋನ್ ಮಾಡಿದೆ. ಡ್ರೈವರನ ತಾಯಿ ಎತ್ತಿದಳು. ಮಗ ಅಳಿಯನ ಗದ್ದೆಯಲ್ಲಿ ನಾಟಿಗೆ ಹೋಗಿದ್ದಾನೆ, ನಾಡಿದ್ದು ಬಂದರೆ ಸಾಕೇ ಎಂದು ಬಹಳ ವಿನಯದಿಂದ ಕೇಳಿದಳು.

ಆಗ ಕ್ವಾಬೆನಾ, ಗೂಡಿನ ಬೆಂಚಿನ ಮೇಲೆ ಅಂಗಾತ ಮಲಗಿದ್ದವನು, ತಗಡಿನ ಮಾಡಿಗೆ ಹೇಳುವವನಂತೆ ಹೇಳಿದ: "ನಮ್ ಮೂವರಲ್ಲಿ ಒಬ್ಬಳ ಹತ್ರ ಈ ದೇಶದ ಲೈಸೆನ್ಸ್ ಇದೆಯಪ್ಪ. ಅದೂ ಚಿನ್ನದ ಪಟ್ಟಿಯದ್ದು."

ಅಕ್ಕ ಅವನ ಕಡೆ ನೋಡಲಿಲ್ಲ. "ಅದು ಗುರುತಿನ ಚೀಟಿ. ಬ್ಯಾಂಕಲ್ಲಿ ತೋರ್ಸೋಕೆ."

"ತೋರ್ಸು ನೋಡೋಣ."

ಪರ್ಸಿನಿಂದ ತೆಗೆದಳು. ಫೋಟೋದಲ್ಲಿ ಅವಳು ಅಪರಾಧಿಯಂತೆ ದಿಟ್ಟಿಸುತ್ತಿದ್ದಳು, ಅದರ ಪಕ್ಕದ ಪಟ್ಟಿ ಮಾತ್ರ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. ವರ್ಷಗಟ್ಟಲೆ ಒಂದು ತಪ್ಪನ್ನೂ ಮಾಡದ ಚಾಲಕರಿಗೆ ಮಾತ್ರ ಕೊಡುವ ಪಟ್ಟಿ.

"ಒಂಬತ್ತು ವರ್ಷದ ಹಿಂದೆ ಪಾಸಾದೆ," ಎಂದಳು. "ಪಾಸಾದ ದಿನ ಇಳಿದವಳು, ಆಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ಓಡಿಸ್ದೆ ಇದ್ರೆ ತಪ್ಪೆಲ್ಲಿಂದ ಬರತ್ತೆ? ಅದಕ್ಕೇ ಚಿನ್ನ. ನನ್ನಂಥೋರಿಗೆ ಇಲ್ಲಿ ಕಾಗದದ ಡ್ರೈವರ್ ಅಂತಾರೆ."

ಬೆಳ್ಳಕ್ಕಿ ಒಂದು ಕಾಲನ್ನು ನೀರಿಂದ ಎತ್ತಿ, ಇಡುವುದೋ ಬೇಡವೋ ಎಂದು ಯೋಚಿಸಿ, ಇಟ್ಟಿತು.

"ಕೀ ಕೊಡು," ಎಂದಳು ಅಕ್ಕ.

ಅವಳು ಕಾರನ್ನು ಒಂದು ಸುತ್ತು ಹಾಕಿದಳು. ನಾಲ್ಕು ಚಕ್ರಗಳ ಹತ್ತಿರವೂ ಬಗ್ಗಿದಳು. ಮಂಡಿಯೂರಿ ಕಾರಿನ ಕೆಳಗೆ ನೋಡಿದಳು. ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದ ಈ ಪೂಜೆಯನ್ನು ಇಡೀ ಜಿಲ್ಲೆಯಲ್ಲಿ ಪರೀಕ್ಷೆಯ ದಿನ ಬಿಟ್ಟು ಯಾರೂ ಮಾಡುವುದಿಲ್ಲ. ಕ್ವಾಬೆನಾ ಒಂದು ಹಳದಿ ಎಲೆ, ಒಂದು ಹಸಿರು ಎಲೆ ಹುಡುಕಿ ತಂದು ಮುಂದಿನ ಗಾಜಿನ ಮೂಲೆಗೆ ಅಂಟಿಸಿದ. ಹೊಸ ಚಾಲಕರು ಅಂಟಿಸಿಕೊಳ್ಳುವ ಗುರುತೂ ಅದೇ, ಅರ್ಧ ಹಳದಿ ಅರ್ಧ ಹಸಿರಿನ ಎಲೆ. ನಾನು ಪಕ್ಕದಲ್ಲಿ ಕೂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗಿಟ್ಟುಕೊಂಡೆ.

"ಎಡಗಡೆ," ಎಂದ ಕ್ವಾಬೆನಾ ಹಿಂದಿನಿಂದ. "ಅಕ್ಕ, ಇದು ನಿಮ್ಮೂರಲ್ಲ. ಎಡಗಡೆ."

"ಬಾಯಿ ಮುಚ್ಕೋ. ಕನ್ನಡೀಲಿ ನಿನ್ ಹಲ್ಲು ಬಿಟ್ಟು ಬೇರೇನೂ ಕಾಣ್ತಿಲ್ಲ."

ಕಾರು ಹೊರಟಿತು. ಹೊರಟಿತು ಅನ್ನುವುದಕ್ಕಿಂತ ಗದ್ದೆಗಳೇ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದವು. ವೇಗದ ಮುಳ್ಳು ಇಪ್ಪತ್ತನ್ನು ಮುಟ್ಟಿ ಅಲ್ಲೇ ನಿಂತಿತು. ಆ ವೇಗದಲ್ಲಿ ನಾನು ಯಾವ ರಸ್ತೆಯನ್ನೂ ಕಂಡವನಲ್ಲ. ವಾರಕ್ಕೊಮ್ಮೆ ಅರವತ್ತರಲ್ಲಿ ದಾಟುತ್ತಿದ್ದ ಈ ಕಣಿವೆಯಲ್ಲಿ ಒಂದು ಕೊಡೆಯಂಗಡಿ ಇತ್ತು ಎಂದು ಅವತ್ತು ತಿಳಿಯಿತು. ಒಬ್ಬ ಮುದುಕಿ ಪೈರಿನ ಸಾಲಿನಿಂದ ಸೊಂಟ ಎತ್ತಿ ನಮಗೆ ತಲೆಬಾಗಿದಳು, ಅಕ್ಕ ಸ್ಟೀರಿಂಗ್ ಹಿಡಿದೇ ತಲೆಬಾಗಿದಳು, ಕಾರೂ ಸ್ವಲ್ಪ ಬಾಗಿತು. ಮೋಡಗಳು ನಮ್ಮ ಕೆಳಗೂ ಮೇಲೂ ಒಂದೇ ದಿಕ್ಕಿಗೆ ಹೋಗುತ್ತಿದ್ದವು, ನಮಗಿಂತ ಬೇಗ. ರಸ್ತೆ ಎರಡು ಆಕಾಶಗಳ ನಡುವೆ ಹಾಸಿದ ಚಾಪೆಯಂತಿತ್ತು. ಒಂದು ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಅದರ ಮೇಲಿದ್ದವನು ಕ್ಷಮೆ ಕೇಳುವಂತೆ ಟೋಪಿ ತೆಗೆದ.

"ನಮ್ ಹಿಂದೆ ಏಳು ಕಾರಿವೆ," ಎಂದ ಕ್ವಾಬೆನಾ. ಸ್ವಲ್ಪ ಹೊತ್ತಿಗೆ, "ಈಗ ಹನ್ನೊಂದು." ಯಾರೂ ಹಾರ್ನ್ ಮಾಡಲಿಲ್ಲ. ಇಲ್ಲಿ ಯಾರೂ ಮಾಡುವುದಿಲ್ಲ. ಮದುವೆಯ ದಿಬ್ಬಣವೋ ಶವಯಾತ್ರೆಯೋ ಗೊತ್ತಾಗದ ಹಾಗೆ ಆ ಸಾಲು ನಮ್ಮ ಹಿಂದೆ ಬರುತ್ತಿತ್ತು. ಕ್ವಾಬೆನಾ ಹಿಂದಿನ ಗಾಜಿಗೆ ಮುಖ ಮಾಡಿ ರಾಜನ ಹಾಗೆ ಕೈ ಬೀಸತೊಡಗಿದ. ಮೊದಲ ಕಾರಿನಲ್ಲಿದ್ದ ಹುಡುಗಿಯೊಬ್ಬಳು ಕೈ ಬೀಸಿದಳಂತೆ.

ಸುರಂಗ ಬಂತು. ಒಂದೂವರೆ ಕಿಲೋಮೀಟರಿನ ಸುರಂಗ, ಕಿತ್ತಳೆ ದೀಪಗಳು ಒಂದೊಂದಾಗಿ ಅಕ್ಕನ ಮುಖದ ಮೇಲಿಂದ ಹಾದುಹೋದವು. ಮಧ್ಯದಲ್ಲಿ ಅವಳು ಏನೋ ಗುನುಗತೊಡಗಿದಳು, ಅವರ ಭಾಷೆಯ ಜೋಗುಳವಿರಬೇಕು. ಹೊರಗೆ ಬಂದಾಗ ಮುಳ್ಳು ಮೂವತ್ತೆರಡರಲ್ಲಿತ್ತು. ನಾನದನ್ನು ಹೇಳಲಿಲ್ಲ. ಹೇಳಿದರೆ ಇಳಿಯುತ್ತದೆಂಬ ಭಯ.

ಸುರಂಗದಾಚೆ ಕಾಗೆಘಾಟಿ. ಹತ್ತುವಾಗ ಇಪ್ಪತ್ತೊಂಬತ್ತು ತಿರುವು, ಆಚೆ ಇಳಿಯುವಾಗ ಇನ್ನೂ ಹೆಚ್ಚು. ಬೆಟ್ಟದ ಮಗ್ಗುಲಿಗೆ ಕೆತ್ತಿದ ಆ ರಸ್ತೆಯಲ್ಲಿ ನಾನೇ ಸ್ಟೀರಿಂಗ್ ಬಿಗಿಹಿಡಿದು ಓಡಿಸುತ್ತಿದ್ದೆ. ಬುಡದಲ್ಲಿ ಅಕ್ಕ ಕಾರು ನಿಲ್ಲಿಸಿದಳು. ಮೂಗಿನ ತುದಿಯ ಬೆವರನ್ನು ತೋಳಿನಿಂದ ಒರೆಸಿಕೊಂಡಳು.

"ಬಾವಿ ತಿರುವು," ಎಂದಳು.

"ಏನು?"

"ಮೊದಲ್ನೇದು. ಎಡಕ್ಕೆ, ಒಳಗಡೆ ಹಳೇ ಬಾವಿ ಇದೆ, ಅಲ್ಲಿ ರಸ್ತೆ ಯಾವಾಗ್ಲೂ ಒದ್ದೆ."

ಎಡಕ್ಕೆ ತಿರುಗಿದೆವು. ಬಾವಿಯಿತ್ತು, ಪಾಚಿ ಹಿಡಿದ ಕಲ್ಲಿನ ಬಾಯಿ. ರಸ್ತೆ ಒದ್ದೆಯಾಗಿತ್ತು.

"ನೀನು ಯಾವತ್ತು ಬಂದಿದ್ದೆ ಇಲ್ಲಿ?" ಎಂದೆ. ಹೋಗುವಾಗ ಅವಳು ಘಾಟಿಯುದ್ದಕ್ಕೂ ಹೊಟ್ಟೆ ತೊಳಸದಿರಲೆಂದು ಕಣ್ಣು ಮುಚ್ಚಿಕೊಂಡಿದ್ದಳು.

"ಕಣ್ಣು ಬಿಟ್ಕೊಂಡು ಬಂದಿಲ್ಲ. ನಮ್ ವೃದ್ಧರ ಮನೇಲಿರೋ ಕನೇಶಿರೊ ಅಜ್ಜ ಬಂದಿದ್ದ. ತೊಂಬತ್ಮೂರು ವರ್ಷ. ನಲವತ್ತು ವರ್ಷ ಇದೇ ದಾರೀಲಿ ಮರದ ದಿಮ್ಮಿ ಲಾರಿ ಓಡಿಸಿದಾನೆ. ಹೆಂಡ್ತಿ ಹೆಸರು ಮರೆತಿದಾನೆ, ನನ್ ಹೆಸರು ದಿನಾ ಮರೀತಾನೆ. ರಾತ್ರಿ ಗಂಜಿ ಉಣ್ಸೋವಾಗ ಒಂದೊಂದು ಚಮಚಕ್ಕೆ ಒಂದೊಂದು ತಿರುವು ಹೇಳ್ತಾನೆ. ಹೇಳದೆ ಬಾಯಿ ತೆರೆಯಲ್ಲ. ಇದು ಅತ್ತೆ ತಿರುವು."

"ಯಾಕೆ ಅತ್ತೆ?"

"ಸುಮ್ನೆ ಇರತ್ತೆ, ಸುಮ್ನೆ ಇರತ್ತೆ, ಆಮೇಲೆ ನೋಡು." ರಸ್ತೆ ಥಟ್ಟನೆ ಬಲಕ್ಕೆ ಮುರಿಯಿತು. ಅಕ್ಕ ಅದಕ್ಕೆ ಮುಂಚೆಯೇ ಬ್ರೇಕಿನ ಮೇಲೆ ಕಾಲಿಟ್ಟಿದ್ದಳು. ಹಿಂದೆ ಕ್ವಾಬೆನಾನ ತಲೆ ಗಾಜಿಗೆ ಬಡಿದ ಸದ್ದು ಕೇಳಿತು.

"ಅಯ್ಯೋ, ಒಂದು ಮಾತು ಹೇಳ್ಬಾರ್ದಾ ಅಕ್ಕ!"

"ಹೇಳಿದ್ನಲ್ಲ, ಅತ್ತೆ ಅಂತ."

ತೂಕಡಿಕೆ ತಿರುವು, ಎರಡು ಕೊಡಲಿ ತಿರುವು, ಹೆಂಗಸರು ಇಳಿದು ನಡೆಯುತ್ತಿದ್ದ ತಿರುವು. ಪ್ರತಿಯೊಂದನ್ನೂ ಅವಳು ಮೊದಲು ಬಾಯಲ್ಲಿ ಹೇಳಿ ಆಮೇಲೆ ಕೈಯಲ್ಲಿ ತಿರುಗಿಸಿದಳು. ಬೆಟ್ಟ ಅವಳು ಹೇಳಿದ ಹಾಗೆ ಕೇಳಿತು. ಮರಗಳ ನಡುವೆ ಆಗಾಗ ಕೆಳಗಿನ ಗದ್ದೆಗಳು ಕಾಣುತ್ತಿದ್ದವು, ಯಾರೋ ಒಡೆದ ಕನ್ನಡಿಯನ್ನು ಗುಡಿಸದೆ ಬಿಟ್ಟು ಹೋದ ಹಾಗೆ. ಹದಿನೇಳನೆಯ ತಿರುವಿನಲ್ಲಿ ನೋಡಿದೆ, ಅವಳ ಭುಜಗಳು ಕಿವಿಯಿಂದ ಕೆಳಗಿಳಿದಿದ್ದವು. ಇಪ್ಪತ್ತಮೂರರಲ್ಲಿ ಅವಳು ಕಿಟಕಿಯ ಗಾಜು ಇಳಿಸಿ ಮೊಣಕೈಯನ್ನು ಹೊರಗೆ ಚಾಚಿದಳು. ಸೀಡರ್ ಮರದ ವಾಸನೆ ಒಳಗೆ ಬಂತು. ನಾನು ನನ್ನ ಕೈಗಳನ್ನು ತೊಡೆಯ ಕೆಳಗಿಂದ ಯಾವಾಗ ತೆಗೆದೆನೋ ನೆನಪಿಲ್ಲ.

"ಹತ್ತು ವರ್ಷ ಕೂತಿದೀನಿ," ಎಂದಳು, ಯಾರಿಗೂ ಅಲ್ಲದೆ. "ಎಲ್ಲರ ಕಾರಲ್ಲೂ ಪಕ್ಕದಲ್ಲಿ ಕೂತಿದೀನಿ."

ಘಾಟಿಯ ನೆತ್ತಿಯಲ್ಲಿ ಹನ್ನೆರಡು ಮನೆಗಳ ಒಂದು ಊರು, ರಸ್ತೆಯಂಚಿಗೆ ಅಗಲವಾದ ಜಾಗ. ಅಕ್ಕ ಸಿಗ್ನಲ್ ಹಾಕಿ ಪಕ್ಕಕ್ಕೆ ಸರಿದು ನಿಂತಳು. ಹಿಂದಿದ್ದ ಕಾರುಗಳು ಒಂದರ ಹಿಂದೊಂದು ದಾಟಿದವು, ಪ್ರತಿಯೊಂದೂ ದಾಟುವಾಗ ಹಿಂದಿನ ದೀಪಗಳನ್ನು ಎರಡೆರಡು ಸಲ ಮಿಟುಕಿಸಿತು. ದಾರಿ ಬಿಟ್ಟಿದ್ದಕ್ಕೆ ಉಪಕಾರವಾಯಿತು ಎಂದು. ಹದಿನಾಲ್ಕು ಕಾರುಗಳು. ಅಕ್ಕ ಹದಿನಾಲ್ಕು ಸಲ ತಲೆಬಾಗಿದಳು. ಕೊನೆಯ ಕಾರಿನ ದೀಪ ಎರಡನೆಯ ಸಲ ಮಿಟುಕುವ ಮೊದಲೇ ಮಾಯವಾಯಿತು. ಆಚೆ ಕಡೆಯ ಇಳಿಜಾರಿನ ಬಾಯಲ್ಲಿ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿಕೊಂಡಿತ್ತು. ರಸ್ತೆ ಅದರೊಳಗೆ ಹೋಗಿ ಮುಗಿದುಹೋಗಿತ್ತು.

ಅಲ್ಲೇ ಪಕ್ಕದಲ್ಲಿ ಪೊಲೀಸರ ಮನೆ. ಮುಂದಿನ ಕೋಣೆ ಠಾಣೆ, ಹಿಂದಿನದು ಸಂಸಾರ. ಅಂಗಳದಲ್ಲಿ ಕೂತು ಎಳೆಬಿದಿರು ಸುಲಿಯುತ್ತಿದ್ದ ಪೊಲೀಸರೊಬ್ಬರು ಎದ್ದು ಬಂದರು. ಅರವತ್ತಕ್ಕೆ ಹತ್ತಿರದ ಮನುಷ್ಯ, ಸಮವಸ್ತ್ರದ ಪ್ಯಾಂಟು, ಕಾಲಿಗೆ ಗದ್ದೆಯ ಬೂಟು. ಎದೆಯ ಮೇಲೆ ಹಿಯೋಶಿ ಎಂದು ಹೆಸರಿತ್ತು.

"ತೊಂದ್ರೆ ಕೊಡ್ತಿದೀನಿ, ಕ್ಷಮಿಸ್ಬೇಕು," ಎಂದರು. "ತುಂಬಾ ನಿಧಾನ ಒಂದು ಕಾರು ಬರ್ತಿದೆ, ಓಡಿಸೋರಿಗೆ ಹುಷಾರಿಲ್ವೇನೋ ಅಂತ ಕೆಳಗಿನೋರು ಫೋನ್ ಮಾಡಿದ್ರು. ಲೈಸೆನ್ಸ್ ಒಂಚೂರು ನೋಡ್ಬಹುದಾ?"

ಅಕ್ಕ ಎರಡೂ ಕೈಯಿಂದ ಕೊಟ್ಟಳು. ಅವರು ಎರಡೂ ಕೈಯಿಂದ ತೆಗೆದುಕೊಂಡರು. "ಓಹೋ, ಚಿನ್ನದ್ದು!" ಆಮೇಲೆ ಗಾಜಿನ ಮೇಲಿನ ಎರಡು ಎಲೆಗಳನ್ನು ನೋಡಿದರು. ಆಮೇಲೆ ನನ್ನನ್ನು. "ಕಾರು ತಮ್ಮದೇ?"

"ಹೌದು."

"ಹಾಂ," ಎಂದು ಬೆಟ್ಟದ ಕಡೆ ನೋಡಿದರು. ಹಾಗಾದರೆ ತಾವೇ ಏಕೆ ಓಡಿಸುತ್ತಿಲ್ಲ ಎಂಬ ಎರಡನೆಯ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಎಲ್ಲ ಅರ್ಥವಾಗಿತ್ತು. ಬಿದಿರಿನ ಸಿಪ್ಪೆಯೊಂದನ್ನು ತೋಳಿನಿಂದ ತೆಗೆದು, ಅಕ್ಕನಿಗೆ ಹೇಳಿದರು: "ಆ ಕಡೆ ಹತ್ತು ಅಡಿ ಆಚೆ ಏನೂ ಕಾಣ್ತಿಲ್ಲಮ್ಮ. ಮೊನ್ನೆ ಮೀನಿನ ವ್ಯಾನು ರಸ್ತೆಯಂಚಿನ ಕಂಬಿಗೆ ಉಜ್ಕೊಂಡು ಹೋಯ್ತು. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಉಜ್ಜಿದ್ರೆ ನಾನು ಬರೀಲೇಬೇಕು. ಬರೆದದ್ದು ಎಲ್ಲೆಲ್ಲಿಗೋ ಹೋಗತ್ತೆ."

"ಅವಳದು ಕಾಯಂ ವಾಸದ ಅರ್ಜಿ ಇದೆ ಸಾರ್," ಎಂದುಬಿಟ್ಟ ಕ್ವಾಬೆನಾ. "ಐದು ತಿಂಗಳಾಯ್ತು."

ಹಿಯೋಶಿಯವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು. ಲೈಸೆನ್ಸನ್ನು ಇನ್ನೊಮ್ಮೆ ನೋಡಿ, ಅಂಗಿಯ ತುದಿಯಿಂದ ಒರೆಸಿ ವಾಪಸು ಕೊಟ್ಟರು. "ಹಾಗಾದ್ರೆ ಒಂದು ಕೆಲ್ಸ ಮಾಡೋಣ. ಮಿನೊಹಾರದ ತನಕ ನಿಮ್ ಕಾರು ನಾನು ಓಡಿಸ್ತೀನಿ. ನನ್ನ ಹೆಂಡ್ತಿ ಅವಳ ಕಾರಲ್ಲಿ ಹಿಂದೆ ಬರ್ತಾಳೆ, ನನ್ನ ವಾಪಸ್ ಕರ್ಕೊಂಡು ಬರ್ತಾಳೆ. ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ. ಮೂವತ್ತೈದು ವರ್ಷ ಇಲ್ಲೇ ಓಡಿಸಿದೀನಿ, ಮಂಜು ನನಗೇನೂ ಅಲ್ಲ."

ಬಾಗಿಲಲ್ಲಿ ಅವರ ಹೆಂಡತಿ ಆಗಲೇ ಏಪ್ರನ್ ಬಿಚ್ಚಿ ನಿಂತಿದ್ದರು, ನಗುತ್ತ. ಹಿಯೋಶಿಯವರು ಕಿಟಕಿಯ ಮುಂದೆ ಅಂಗೈ ಚಾಚಿದರು. ಬಿದಿರಿನ ರಸದಿಂದ ಕಂದಾದ ದೊಡ್ಡ ಅಂಗೈ.

"ಕೊಡು ಅಕ್ಕ," ಎಂದೆ. "ದೇವರು ಬಂದ ಹಾಗೆ ಬಂದಿದಾರೆ. ಕೊಡು."

"ಹೂಂ ಅಕ್ಕ, ಸಾಕಾಯ್ತಲ್ಲ," ಎಂದ ಕ್ವಾಬೆನಾ. "ಹಿಂದೆ ಬಾ, ಜಾಗ ಮಾಡ್ತೀನಿ."

ಈ ಬೆಟ್ಟಗಳಲ್ಲಿ ಯಾರೂ ಬೇಡ ಅನ್ನುವುದಿಲ್ಲ. "ಸ್ವಲ್ಪ ಅದೇನೋ..." ಎಂದು ಅರ್ಧಕ್ಕೆ ನಿಲ್ಲಿಸಿ ಕತ್ತು ಓರೆ ಮಾಡುತ್ತಾರೆ, ಕೇಳಿದವರು ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ. ಅಕ್ಕನ ಬಾಯಲ್ಲಂತೂ ಆ ಅರ್ಧ ವಾಕ್ಯವನ್ನೂ ಯಾರೂ ಕೇಳಿರಲಿಲ್ಲ. ಬೇರೆಯವರ ಪಾಳಿ, ಬೇರೆಯವರ ಹಬ್ಬದ ದಿನದ ಕೆಲಸ, ಎಲ್ಲಕ್ಕೂ ಹತ್ತು ವರ್ಷದಿಂದ "ಆಗಲಿ" ಅಂದವಳು ಅವಳು.

ಅವಳು ಅಂಗೈ ನೋಡಿದಳು. ಮಂಜು ನೋಡಿದಳು. ಎರಡೂ ಕೈಯನ್ನು ಸ್ಟೀರಿಂಗ್ ಮೇಲೆ, ಹತ್ತರ ಜಾಗಕ್ಕೆ ಒಂದು, ಎರಡರ ಜಾಗಕ್ಕೆ ಒಂದು, ಇಟ್ಟುಕೊಂಡಳು.

"ಬೇಡ," ಎಂದಳು. "ನಾನೇ ಓಡಿಸ್ತೀನಿ."